ದಿಲ್ಲಿಗೆ ಬಂದ ಪುಟಿನ್, ದಿಲ್ಲಿಯಲ್ಲೇ ಇರುವ ಹಸೀನಾ: ಸಿಂಧನೂರಿನಿಂದ ಬಂದ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಮ್ಮದು ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪು. ಅಜ್ಜ-ಅಜ್ಜಿ ಪೂರ್ವ ಪಾಕಿಸ್ತಾನ ಬಿಟ್ಟು ಬಂದವರು. ಅಜ್ಜಿಯ ಅಣ್ಣ ಮಾತ್ರ ಖುಲ್ನಾ ಕಡೆಯ ಹಳ್ಳಿಯಲ್ಲೇ ಉಳಿದಿದ್ದರು. 71ರಲ್ಲಿ ಪಾಕಿಸ್ತಾನಿ ಸೈನಿಕರ ಗುಂಡಿಗೆ ಸತ್ತರು. ಬಾಂಗ್ಲಾದೇಶದ ಮಾಜಿ ಪ್ರಧಾನಿ ಶೇಖ್ ಹಸೀನಾಗೆ ಢಾಕಾದಲ್ಲಿ ಗಲ್ಲು ಶಿಕ್ಷೆ ಆದಾಗಿನಿಂದ ಕ್ಯಾಂಪಿನ ಚಹಾದಂಗಡಿಯಲ್ಲಿ ಇದೇ ಮಾತು. ಭಾರತ ಆಕೆಯನ್ನು ಒಪ್ಪಿಸಲೇಬೇಕಾ? ಪುಟಿನ್ ಮೇಲೆ ಅಂತರರಾಷ್ಟ್ರೀಯ ವಾರಂಟ್ ಇದ್ದರೂ ಪ್ರಧಾನಿಯೇ ವಿಮಾನ ನಿಲ್ದಾಣಕ್ಕೆ ಹೋಗಿ ಬರಮಾಡಿಕೊಂಡರಲ್ಲ, ಅದು ಹೇಗೆ? ಯುದ್ಧಾಪರಾಧ, ನರಮೇಧ ಅಂದಾಗ ನಮ್ಮ ಸರ್ಕಾರದ ನಿಲುವಾದರೂ ಏನು? ಇನ್ನೊಂದು, ಅಜ್ಜಿ ಕೇಳುತ್ತಾರೆ: ಅಣ್ಣನ ಸಾವಿನ ಬಗ್ಗೆ ಹೇಗ್ ಕೋರ್ಟಿಗೆ ಅರ್ಜಿ ಬರೆಯಬಹುದಾ?

ಉತ್ತರ: ನಿಮ್ಮ ಪತ್ರವನ್ನು ಬಳ್ಳಾರಿ ಕೋರ್ಟಿನ ವಕೀಲರ ಕೋಣೆಯಲ್ಲಿ ಗಟ್ಟಿಯಾಗಿ ಓದಿದೆ. "ಐಸಿಸಿಗೆ ಭಾರತ ಮೆಂಬರ್ ಅಲ್ಲ ಅಂದ್ರ ಹೆಂಗ್ರೀ? ಅದನ್ನ ನಡಸೋರೇ ನಮ್ಮವರು!" ಅಂದ ಒಬ್ಬ ಕಿರಿಯ ಗೆಳೆಯ. ಅವನ ತಲೆಯಲ್ಲಿ ಇದ್ದದ್ದು ಕ್ರಿಕೆಟ್. ಎಲ್ಲರೂ ನಕ್ಕೆವು. ಕರಿಕೋಟು ಹಾಕಿದವರಿಗೇ ಈ ಗೊಂದಲ ಇದ್ದಮೇಲೆ ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳುವುದು ಒಳ್ಳೆಯದು.

ನೆದರ್‌ಲೆಂಡ್ಸ್‌ನ ಹೇಗ್ ಎಂಬ ಒಂದೇ ಊರಿನಲ್ಲಿ ಎರಡು ಕೋರ್ಟುಗಳಿವೆ. ಒಂದು ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ನ್ಯಾಯಾಲಯ, ಐಸಿಜೆ. ಅಲ್ಲಿ ದಾವೆ ಹೂಡುವುದು, ಎದುರಿಸುವುದು ದೇಶಗಳು ಮಾತ್ರ. ಯಾರನ್ನೂ ಜೈಲಿಗೆ ಹಾಕುವ ಅಧಿಕಾರ ಅದಕ್ಕಿಲ್ಲ. ಪಾಕಿಸ್ತಾನದಲ್ಲಿ ಗಲ್ಲು ಶಿಕ್ಷೆಗೆ ಗುರಿಯಾದ ಕುಲಭೂಷಣ್ ಜಾಧವ್ ಪ್ರಕರಣವನ್ನು ಭಾರತ 2017ರ ಮೇ ತಿಂಗಳಲ್ಲಿ ಒಯ್ದದ್ದು ಅಲ್ಲಿಗೆ; 2019ರ ಜುಲೈ 17ರಂದು 15-1 ಮತಗಳಿಂದ ಗೆದ್ದದ್ದೂ ಅಲ್ಲೇ. ಎರಡನೆಯದು ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ, ಐಸಿಸಿ. ಇದು ವ್ಯಕ್ತಿಗಳ ಕೋರ್ಟು. ನರಮೇಧ, ಮಾನವತೆಯ ವಿರುದ್ಧದ ಅಪರಾಧ, ಯುದ್ಧಾಪರಾಧ, ಆಕ್ರಮಣ ಈ ನಾಲ್ಕರಲ್ಲಿ ಜನರಲ್ ಆಗಲಿ, ಅಧ್ಯಕ್ಷ ಆಗಲಿ, ಆರೋಪಿಯನ್ನು ಕಟಕಟೆಯಲ್ಲಿ ನಿಲ್ಲಿಸುತ್ತದೆ. ಪುಟಿನ್ ಮೇಲೆ 2023ರ ಮಾರ್ಚ್ 17ರಂದು ವಾರಂಟ್ ಹೊರಡಿಸಿದ್ದು ಇದೇ. ಇದರ ಸ್ವಂತದ ಪೊಲೀಸರು ಅಂತ ಯಾರೂ ಇಲ್ಲ. ಈ ಕೋರ್ಟನ್ನು ಹುಟ್ಟುಹಾಕಿದ ರೋಮ್ ಒಪ್ಪಂದಕ್ಕೆ ಸೇರಿದ ಸುಮಾರು 125 ದೇಶಗಳ ಪೊಲೀಸರೇ ಇದರ ಪೊಲೀಸರು.

ಭಾರತ ಆ 125ರಲ್ಲಿ ಇಲ್ಲ. ಹಾಗಾಗಿ 2025ರ ಡಿಸೆಂಬರ್ 4ರಂದು ಪುಟಿನ್ ದಿಲ್ಲಿಯಲ್ಲಿ ಇಳಿದಾಗ ಅವರನ್ನು ಹಿಡಿಯುವ ಹೊಣೆ ನಮ್ಮ ಮೇಲೆ ಇರಲಿಲ್ಲ. ಇದು ಮೊದಲ ಸಲವೂ ಅಲ್ಲ. 2015ರ ಅಕ್ಟೋಬರ್‌ನಲ್ಲಿ ಆಫ್ರಿಕಾ ಶೃಂಗಸಭೆಗೆಂದು ಸುಡಾನಿನ ಒಮರ್ ಅಲ್ ಬಶೀರ್ ದಿಲ್ಲಿಗೆ ಬಂದಿದ್ದರು. ಸುಡಾನಿನ ಡಾರ್ಫರ್ ಪ್ರಾಂತ್ಯದಲ್ಲಿ ನಡೆದ ನರಮೇಧದ ವಾರಂಟ್ ಅವರ ಮೇಲಿತ್ತು. ಹಿಡಿದು ಕೊಡಿ ಎಂದು ಐಸಿಸಿ ಕೇಳಿಕೊಂಡಿತು. ಬಶೀರ್ ಸಭೆ ಮುಗಿಸಿ ವಾಪಸ್ ಹೋದರು. ಸದಸ್ಯರಲ್ಲದ ನಮ್ಮ ಮಾತು ಬಿಡಿ, ಸದಸ್ಯ ದೇಶವಾದ ಮಂಗೋಲಿಯಾ 2024ರ ಸೆಪ್ಟೆಂಬರ್‌ನಲ್ಲಿ ಇದೇ ಪುಟಿನ್‌ಗೆ ಗೌರವರಕ್ಷೆ ಕೊಟ್ಟು ಕಳಿಸಿತು.

ಭಾರತ ಸೇರಲಿಲ್ಲ ಯಾಕೆ ಅನ್ನುವುದೇ ನಿಮ್ಮ ಪ್ರಶ್ನೆಯ ತಿರುಳು. 1998ರ ಜುಲೈ 17ರ ರಾತ್ರಿ ರೋಮ್‌ನಲ್ಲಿ ಒಪ್ಪಂದ ಮತಕ್ಕೆ ಬಿತ್ತು. ಪರ 120, ವಿರುದ್ಧ 7, ತಟಸ್ಥ 21. ಭಾರತ ತಟಸ್ಥ. ವಿರುದ್ಧ ಮತ ಹಾಕಲಿಲ್ಲ ಎಂಬುದನ್ನು ಗಮನದಲ್ಲಿಡಿ. ನಿಯೋಗದ ಮುಂದಾಳು ದಿಲೀಪ್ ಲಾಹಿರಿ ಅಂದು ಕೊಟ್ಟ ವಿವರಣೆಯನ್ನು ನಾನು ತರಗತಿಯಲ್ಲಿ ವರ್ಷಾ ವರ್ಷ ಓದಿಸುತ್ತೇನೆ. ನಮ್ಮ ವಿದೇಶಾಂಗ ಇಲಾಖೆಯ ಕಾಗದಗಳಲ್ಲಿ ಇಷ್ಟು ಬಿಚ್ಚುಮಾತು ಸಿಗುವುದು ಅಪರೂಪ.

ಅದರ ಮೊದಲ ತಕರಾರು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮೇಲೆ. ನಿಮ್ಮ ಎಡದಂಡೆ ಕಾಲುವೆಯ ಮಾತಿನಲ್ಲಿ ಹೇಳುತ್ತೇನೆ. ನೀರು ಹಂಚಿಕೆಗೆ ಒಂದು ಸಂಘ ಕಟ್ಟುತ್ತಾರೆ ಅನ್ನಿ. ಮೇಲ್ಭಾಗದ ಐದು ಜನ ದೊಡ್ಡ ರೈತರಲ್ಲಿ ಮೂವರು ಸಂಘಕ್ಕೆ ಸೇರುವುದಿಲ್ಲ, ನಿಯಮ ತಮಗೆ ಹತ್ತುವುದಿಲ್ಲ ಅನ್ನುತ್ತಾರೆ. ಆದರೆ ಗೇಟಿನ ಕೀಲಿಕೈ ಐವರ ಕೈಯಲ್ಲೇ. ಮಾನ್ವಿ ಕಡೆಯ ಕೊನೆಭಾಗದವನು ಕದ್ದು ಪಂಪ್ ಹಚ್ಚಿದರೆ "ಇವನ ಮೇಲೆ ಕೇಸ್ ಹಾಕಿ" ಅಂತ ಅವರು ಹೇಳಬಹುದು. ತಮಗೆ ಬೇಕಾದವನ ಕೇಸನ್ನು ವರ್ಷಗಟ್ಟಲೆ ತಡೆಹಿಡಿಯಬಹುದು. ರೋಮ್ ಒಪ್ಪಂದದ 13 ಮತ್ತು 16ನೇ ವಿಧಿಗಳು ಭದ್ರತಾ ಮಂಡಳಿಗೆ ಕೊಟ್ಟಿದ್ದು ಇದನ್ನೇ. ಸದಸ್ಯನಲ್ಲದ ದೇಶದ ಪ್ರಕರಣವನ್ನೂ ಮಂಡಳಿ ಕೋರ್ಟಿಗೆ ಕಳಿಸಬಹುದು, ನಡೆಯುತ್ತಿರುವ ತನಿಖೆಯನ್ನು ಒಂದೊಂದು ವರ್ಷ ಮುಂದೂಡಬಹುದು. ಮಂಡಳಿಯ ಐದು ಕಾಯಂ ಸದಸ್ಯರಲ್ಲಿ ಅಮೆರಿಕ, ರಷ್ಯಾ, ಚೀನಾ ಮೂರೂ ಇಂದಿಗೂ ಐಸಿಸಿ ಸದಸ್ಯರಲ್ಲ. ಭಾರತದ ಈ ಆಕ್ಷೇಪದಲ್ಲಿ ಹುರುಳಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಐಸಿಸಿಯನ್ನು ಮನಸಾರೆ ಬೆಂಬಲಿಸುವ ಎಷ್ಟೋ ಪಂಡಿತರೂ ಇದನ್ನು ಒಪ್ಪುತ್ತಾರೆ.

ಎರಡನೆಯದು ಸ್ವಲ್ಪ ತಮಾಷೆಯದು. ಅಣ್ವಸ್ತ್ರ ಬಳಸುವುದನ್ನು ಯುದ್ಧಾಪರಾಧಗಳ ಪಟ್ಟಿಗೆ ಸೇರಿಸಿ ಎಂದು ಭಾರತ ಹಟ ಹಿಡಿಯಿತು. ಪೋಖ್ರಾನ್‌ನಲ್ಲಿ ಐದು ಬಾಂಬ್ ಸಿಡಿಸಿ ಆಗ ಎರಡು ತಿಂಗಳಷ್ಟೇ ಆಗಿತ್ತು! ಕೊನೆಯ ದಿನ ತಿದ್ದುಪಡಿ ಮಂಡಿಸಿದಾಗ, ಅದನ್ನು ಚರ್ಚೆಗೇ ಎತ್ತಿಕೊಳ್ಳಬಾರದು ಎಂದು ನಾರ್ವೆ ಸೂಚನೆ ತಂದಿತು, ಸಭೆ ನಾರ್ವೆಯ ಕಡೆ ಹೋಯಿತು. ವಿಷಾನಿಲ ಬಳಸಿದರೆ ಅಪರಾಧ, ಅಣುಬಾಂಬ್ ಹಾಕಿದರೆ ಅಪರಾಧವಲ್ಲ ಎನ್ನುವ ಪಟ್ಟಿ ಎಂಥದ್ದು ಎಂದು ಭಾರತ ಕೇಳಿದ್ದು ತರ್ಕಕ್ಕೆ ಸರಿ. ಆದರೆ ತಿದ್ದುಪಡಿ ಬೀಳುತ್ತದೆ ಎಂಬುದು ಮಂಡಿಸಿದವರಿಗೂ ಗೊತ್ತಿತ್ತು ಅಂತ ನನಗೆ ಅನಿಸುತ್ತದೆ. ಭಯೋತ್ಪಾದನೆಯನ್ನು ಸೇರಿಸಬೇಕೆಂಬ ಬೇಡಿಕೆಗೂ ಅದೇ ಗತಿಯಾಯಿತು. ಆ ಕೊರತೆ ನಮಗೆ ಈಗಲೂ ಚುಚ್ಚುತ್ತದೆ.

ಮೂರನೆಯದನ್ನು ಲಾಹಿರಿ ಅವರು ಕಾನೂನಿನ ಭಾಷೆಯಲ್ಲಿ ಹೇಳಿದರು, ನಾನು ಬಿಡಿಸಿ ಹೇಳುತ್ತೇನೆ. ಎರಡು ದೇಶಗಳ ಯುದ್ಧ ಮಾತ್ರವಲ್ಲ, ಒಂದು ದೇಶದೊಳಗಿನ ಸಶಸ್ತ್ರ ಸಂಘರ್ಷವೂ ಈ ಕೋರ್ಟಿನ ಹದ್ದಿಗೆ ಬರುತ್ತದೆ. ಮಾನವತೆಯ ವಿರುದ್ಧದ ಅಪರಾಧಕ್ಕೆ ಸಂಘರ್ಷವೇ ಬೇಕಿಲ್ಲ, ಶಾಂತಿಕಾಲದಲ್ಲಿ ನಡೆದರೂ ಸಾಕು. ಜೊತೆಗೆ ಅಲ್ಲಿನ ಪ್ರಾಸಿಕ್ಯೂಟರ್ ತಾನಾಗಿಯೇ ತನಿಖೆ ಶುರುಮಾಡಬಹುದು. ಕಾಶ್ಮೀರ, ಈಶಾನ್ಯದಲ್ಲಿ ಸೇನೆಗೆ ವಿಶೇಷಾಧಿಕಾರ ಕಾಯ್ದೆಯ ರಕ್ಷಣೆ ಕೊಟ್ಟು ನಿಲ್ಲಿಸಿರುವ ಸರ್ಕಾರಕ್ಕೆ ಇದು ನುಂಗಲಾರದ ತುತ್ತು. ಭದ್ರತಾ ಮಂಡಳಿಯ ವಾದವೆಲ್ಲ ಬಗೆಹರಿದರೂ ಈ ಕಾರಣ ಒಂದೇ ಸಾಕು, ದಿಲ್ಲಿ ಸಹಿ ಹಾಕುವುದಿಲ್ಲ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಅಷ್ಟೇ. 1998ರಲ್ಲಿ ತಟಸ್ಥವಾಗಿದ್ದು ವಾಜಪೇಯಿ ಸರ್ಕಾರ. ಆಮೇಲೆ ಹತ್ತು ವರ್ಷ ಆಳಿದ ಮನಮೋಹನ್ ಸಿಂಗ್ ಸರ್ಕಾರವೂ ಆ ಕಡತ ತೆರೆಯಲಿಲ್ಲ. ಸಾಲದ್ದಕ್ಕೆ 2002ರ ಡಿಸೆಂಬರ್ 26ರಂದು ಅಮೆರಿಕದ ಜೊತೆ ಒಂದು ಒಪ್ಪಂದ ಆಯಿತು: ನಿಮ್ಮವರನ್ನು ನಾವು, ನಮ್ಮವರನ್ನು ನೀವು ಐಸಿಸಿಗೆ ಒಪ್ಪಿಸಬಾರದು ಅಂತ.

ಈ ಮನೋಭಾವ 1998ರಲ್ಲಿ ಹುಟ್ಟಿದ್ದಲ್ಲ. ಅದರ ಬೇರು ನೀವು ಕೂತಿರುವ ಜಿಲ್ಲೆಯ ಮಣ್ಣಿನಲ್ಲೂ ಇದೆ.

1946ರ ಡಿಸೆಂಬರ್ ತಿಂಗಳ ಒಂದೇ ವಾರದಲ್ಲಿ ವಿಶ್ವಸಂಸ್ಥೆಯಲ್ಲಿ ಎರಡು ನಿರ್ಣಯಗಳು ಪಾಸಾದವು. ಡಿಸೆಂಬರ್ 8ರದ್ದು ದಕ್ಷಿಣ ಆಫ್ರಿಕಾದ ಭಾರತೀಯರ ಮೇಲಿನ ತಾರತಮ್ಯ ಕುರಿತದ್ದು. ತಂದದ್ದು ವಿಜಯಲಕ್ಷ್ಮಿ ಪಂಡಿತ್ ಮುಂದಾಳತ್ವದ ಭಾರತದ ನಿಯೋಗ. "ಇದು ನಮ್ಮ ಒಳಗಿನ ವಿಷಯ" ಎಂದು ದಕ್ಷಿಣ ಆಫ್ರಿಕಾ ವಾದಿಸಿತು. ಮನುಷ್ಯರ ಮೇಲಿನ ಅನ್ಯಾಯ ಯಾವ ದೇಶದ ಒಳಮನೆ ವಿಷಯವೂ ಅಲ್ಲ ಎಂಬುದು ಭಾರತದ ಉತ್ತರವಾಗಿತ್ತು. ಮೂರು ದಿನ ಬಿಟ್ಟು, ಡಿಸೆಂಬರ್ 11ರಂದು, ನರಮೇಧ ಅಂತರರಾಷ್ಟ್ರೀಯ ಅಪರಾಧ ಎಂದು ಮಹಾಸಭೆ ಸಾರಿತು. ಆ ವಿಷಯವನ್ನು ಸಭೆಯ ಮುಂದೆ ತಂದ ಮೂರು ದೇಶಗಳು ಕ್ಯೂಬಾ, ಪನಾಮಾ ಮತ್ತು ಭಾರತ. ಇನ್ನೂ ಸ್ವಾತಂತ್ರ್ಯವೇ ಬಾರದ ಭಾರತ!

ಅದಾಗಿ ಎರಡು ವರ್ಷ ತುಂಬಿರಲಿಲ್ಲ. ರಾಯಚೂರು, ಕೊಪ್ಪಳ ಆಗ ನಿಜಾಮರ ರಾಜ್ಯದಲ್ಲಿದ್ದವು. ನಮ್ಮ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ನಿಜಾಮರ ಪರ ನಿಂತ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿಗೆ ಹೆದರಿ ಗಡಿ ದಾಟಿ ಬಂದವರ ಕಥೆಗಳನ್ನು ನಮ್ಮ ಮನೆಯ ಹಿರಿಯರೂ ಹೇಳುತ್ತಿದ್ದರು. 1948ರ ಆಗಸ್ಟ್‌ನಲ್ಲಿ ನಿಜಾಮ ಸರ್ಕಾರ ಭಾರತದ ಮೇಲೆ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ಸೆಪ್ಟೆಂಬರ್ 13ರಂದು ಸೈನ್ಯ ಒಳಗೆ ನುಗ್ಗಿತು, 16ರಂದು ಪ್ಯಾರಿಸ್‌ನಲ್ಲಿ ಮಂಡಳಿ ಈ ವಿಷಯ ಎತ್ತಿಕೊಂಡಿತು, 17ಕ್ಕೆ ನಿಜಾಮರು ಶರಣಾದರು. ಅದೇ ಸೆಪ್ಟೆಂಬರ್ 17 ಈಗ ನಮ್ಮ ಕಲ್ಯಾಣ ಕರ್ನಾಟಕ ಉತ್ಸವದ ದಿನ. ಪ್ಯಾರಿಸ್‌ನಲ್ಲಿ ಭಾರತದ ವಾದ ಏನಿತ್ತು ಗೊತ್ತೇ? ಹೈದರಾಬಾದ್ ಒಂದು ದೇಶವೇ ಅಲ್ಲ, ಇದು ನಮ್ಮ ಒಳಗಿನ ವಿಷಯ. ಕಾನೂನಿನ ಪ್ರಕಾರ ಆ ವಾದ ಗಟ್ಟಿಯಾಗಿಯೇ ಇತ್ತು. ಕಾರ್ಯಾಚರಣೆಯ ನಂತರ ನಡೆದ ಮುಸ್ಲಿಮರ ಕೊಲೆಗಳ ಬಗ್ಗೆ ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಸತ್ತವರು 27 ಸಾವಿರದಿಂದ 40 ಸಾವಿರ ಇರಬಹುದೆಂದು ಅಂದಾಜಿಸಿತು. ಆ ವರದಿ ದಶಕಗಟ್ಟಲೆ ಬೀರುವಿನಲ್ಲೇ ಉಳಿಯಿತು.

ಒಂದೇ ಬಾಯಿ, ಎರಡು ವಾದ. ಇದನ್ನು ಬೂಟಾಟಿಕೆ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕಿದರೆ ಸರ್ಕಾರದ ನಡೆ ಅರ್ಥವಾಗುವುದಿಲ್ಲ. ಅದೇ ವರ್ಷದ ಜನವರಿ 1ರಂದು ನಾವಾಗಿಯೇ ಕಾಶ್ಮೀರವನ್ನು ವಿಶ್ವಸಂಸ್ಥೆಗೆ ಒಯ್ದು ಕೈಸುಟ್ಟುಕೊಂಡಿದ್ದೆವು. ದೊಡ್ಡವರ ಪಂಚಾಯ್ತಿಗೆ ಹೋದರೆ ದೊಡ್ಡವರ ಲೆಕ್ಕಾಚಾರವೇ ನಡೆಯುತ್ತದೆ ಎಂಬ ಪಾಠ ಅಲ್ಲಿ ಕಲಿತದ್ದು. ಅಂದಿನಿಂದ ದಿಲ್ಲಿ ಪ್ರತಿ ಸಲ ಕೇಳುವ ಮೊದಲ ಪ್ರಶ್ನೆ, ಕೀಲಿಕೈ ಯಾರ ಹತ್ತಿರ ಇದೆ ಎಂಬುದು. ಸತ್ತವರೆಷ್ಟು ಎಂಬುದು ಆಮೇಲಿನ ಮಾತು.

ಈ ಕನ್ನಡಕ ಹಾಕಿಕೊಂಡು ಮತಗಳನ್ನು ನೋಡಿ. ಶ್ರೀಲಂಕಾ ಯುದ್ಧ ಮುಗಿದ 2009ರ ಮೇ ತಿಂಗಳಲ್ಲಿ ಜಿನೀವಾದ ಮಾನವ ಹಕ್ಕುಗಳ ಮಂಡಳಿಯಲ್ಲಿ ಭಾರತ ಕೊಲಂಬೊಗೆ ಅನುಕೂಲವಾದ ನಿರ್ಣಯಕ್ಕೆ ಕೈ ಎತ್ತಿತು. 2012 ಮತ್ತು 2013ರಲ್ಲಿ, ತಮಿಳುನಾಡಿನ ಒತ್ತಡ ಜೋರಾಗಿದ್ದಾಗ, ಅಮೆರಿಕ ತಂದ ನಿರ್ಣಯಗಳ ಪರ ಮತ ಹಾಕಿತು. ಅವೆರಡೂ ಶ್ರೀಲಂಕಾ ತಾನೇ ತನಿಖೆ ಮಾಡಿಕೊಳ್ಳಲಿ ಎನ್ನುವಂಥವು. 2014ರಲ್ಲಿ ಹೊರಗಿನವರಿಂದ ತನಿಖೆ ಎಂಬ ಮಾತು ಬಂದ ಕೂಡಲೇ ಭಾರತ ತಟಸ್ಥವಾಯಿತು. ದಿಲ್ಲಿಯಲ್ಲಿ ಸರ್ಕಾರ ಇನ್ನೂ ಬದಲಾಗಿರಲಿಲ್ಲ, ನಿರ್ಣಯದ ಧಾಟಿ ಬದಲಾಗಿತ್ತು. 2021, 2022ರಲ್ಲೂ ತಟಸ್ಥವೇ. ಉಕ್ರೇನಿನಲ್ಲೂ ಹಾಗೆಯೇ: ಬುಚಾದ ಶವಗಳ ಚಿತ್ರ ಬಂದಾಗ, 2022ರ ಏಪ್ರಿಲ್ 5ರಂದು, ಭಾರತ ಭದ್ರತಾ ಮಂಡಳಿಯಲ್ಲಿ ಹತ್ಯೆಗಳನ್ನು ಖಂಡಿಸಿ ಸ್ವತಂತ್ರ ತನಿಖೆಯ ಕರೆಯನ್ನು ಬೆಂಬಲಿಸಿತು. ಎರಡೇ ದಿನಕ್ಕೆ ರಷ್ಯಾವನ್ನು ಮಾನವ ಹಕ್ಕುಗಳ ಮಂಡಳಿಯಿಂದ ಅಮಾನತು ಮಾಡುವ ಮತದಲ್ಲಿ ಹೊರಗುಳಿಯಿತು. ಗಾಜಾ ಕುರಿತ 2021ರ ತನಿಖಾ ಆಯೋಗದ ಮತದಲ್ಲೂ, 2024ರ ಏಪ್ರಿಲ್‌ನ ಹೊಣೆಗಾರಿಕೆ ನಿರ್ಣಯದಲ್ಲೂ ಹೀಗೆಯೇ ಆಯಿತು. ಖಂಡಿಸಲು ತೊಂದರೆಯಿಲ್ಲ, ತನಿಖೆಗೆ ಬೇಕಾದರೆ ಒಂದು ಒಳ್ಳೆಯ ಮಾತು, ಶಿಕ್ಷೆಯ ಹಂತ ಬಂದರೆ ಬಾಗಿಲ ಹೊರಗೆ.

ಈ ಸಾಲಿಗೆ ಸೇರದ ಮತ ಒಂದಿದೆ. 2011ರ ಫೆಬ್ರುವರಿ 26ರಂದು ಭದ್ರತಾ ಮಂಡಳಿ ಲಿಬಿಯಾದ ಗಡಾಫಿ ಆಡಳಿತದ ಪ್ರಕರಣವನ್ನು ಐಸಿಸಿಗೆ ಕಳಿಸಿತು. ಭಾರತ ಆಗ ಮಂಡಳಿಯ ಸದಸ್ಯ. ಹದಿಮೂರು ವರ್ಷದ ಹಿಂದೆ ಯಾವ ಅಧಿಕಾರ ಕೊಡಬೇಡಿ ಅಂದಿತ್ತೋ ಅದನ್ನೇ ಚಲಾಯಿಸಲು ಈಗ ಕೈ ಎತ್ತಿತು. ನಿರ್ಣಯಕ್ಕೆ ಹದಿನೈದಕ್ಕೆ ಹದಿನೈದೂ ಮತ. ರಾಯಭಾರಿ ಹರ್‌ದೀಪ್ ಸಿಂಗ್ ಪುರಿ, ನಾವು ಐಸಿಸಿ ಸದಸ್ಯರಲ್ಲ, ಹಂತ ಹಂತವಾಗಿ ಹೋಗುವುದು ನಮಗೆ ಇಷ್ಟವಿತ್ತು, ಹಿಂಸೆ ನಿಲ್ಲಬಹುದೆಂದು ಉಳಿದವರು ನಂಬಿದ್ದರಿಂದ ಒಪ್ಪಿದೆವು ಎಂಬ ಧಾಟಿಯಲ್ಲಿ ಮಾತಾಡಿದರು. ಆ ನಿರ್ಣಯದ 6ನೇ ಪ್ಯಾರಾವನ್ನು ಬೆರಳಿಟ್ಟು ಓದಬೇಕು: ಲಿಬಿಯಾದಲ್ಲಿ ಕಾರ್ಯಾಚರಣೆಗೆ ಹೋಗುವ ಸದಸ್ಯೇತರ ದೇಶಗಳ ಸೈನಿಕರು ತಪ್ಪು ಮಾಡಿದರೆ ವಿಚಾರಣೆ ಅವರವರ ದೇಶದಲ್ಲೇ, ಐಸಿಸಿಯಲ್ಲಿ ಅಲ್ಲ. ರೋಮ್‌ನಲ್ಲಿ ಭಾರತ ಎತ್ತಿ ತೋರಿಸಿದ್ದ ದೋಷ ಅಲ್ಲಿ ಕಪ್ಪು ಅಕ್ಷರದಲ್ಲಿ ಕೂತಿತ್ತು, ಅದಕ್ಕೆ ಭಾರತದ ಮತವೂ ಸೇರಿತ್ತು. ಮೂರೇ ವಾರದಲ್ಲಿ ಲಿಬಿಯಾದ ಮೇಲೆ ಬಾಂಬ್ ದಾಳಿಗೆ ದಾರಿ ಮಾಡಿದ ನಿರ್ಣಯ ಬಂದಾಗ ದಿಲ್ಲಿ ಮತ್ತೆ ತಟಸ್ಥಕ್ಕೆ ಮರಳಿತು.

ಈಗ ಹಸೀನಾ. 2024ರ ವಿದ್ಯಾರ್ಥಿ ಚಳವಳಿಯನ್ನು ಹತ್ತಿಕ್ಕುವಾಗ ಆದ ಹತ್ಯೆಗಳಿಗಾಗಿ 2025ರ ನವೆಂಬರ್ 17ರಂದು ಆಕೆಯ ಗೈರುಹಾಜರಿಯಲ್ಲಿ ಗಲ್ಲು ಶಿಕ್ಷೆ ಕೊಟ್ಟ ಕೋರ್ಟಿನ ಹೆಸರಿನಲ್ಲಿ "ಅಂತರರಾಷ್ಟ್ರೀಯ" ಎಂಬ ಪದ ಇದ್ದರೂ ಅದು ಬಾಂಗ್ಲಾದೇಶದ ಸ್ವಂತ ನ್ಯಾಯಮಂಡಳಿ, 1973ರ ಅವರದೇ ಕಾಯ್ದೆಯಡಿ ನಡೆಯುವಂಥದ್ದು. 2010ರಲ್ಲಿ ಅದನ್ನು ಸ್ಥಾಪಿಸಿದ್ದು ಹಸೀನಾ ಸರ್ಕಾರವೇ. ಹೇಗ್‌ಗೂ ಈ ತೀರ್ಪಿಗೂ ಸಂಬಂಧವಿಲ್ಲ. ಭಾರತವನ್ನು ಕಟ್ಟುವುದು 2013ರ ಹಸ್ತಾಂತರ ಒಪ್ಪಂದ ಒಂದೇ. ಅದರ 6ನೇ ವಿಧಿಯಲ್ಲಿ ರಾಜಕೀಯ ಸ್ವರೂಪದ ಅಪರಾಧಕ್ಕೆ ಹಸ್ತಾಂತರ ನಿರಾಕರಿಸಬಹುದು ಎಂದಿದೆ. ಆದರೆ ಕೊಲೆಯನ್ನು ರಾಜಕೀಯ ಅಪರಾಧ ಎಂದು ಪರಿಗಣಿಸುವಂತಿಲ್ಲ ಎಂದೂ ಅಲ್ಲೇ ಇದೆ. 8ನೇ ವಿಧಿ ಹೆಚ್ಚು ಉಪಯೋಗಕ್ಕೆ ಬರುವಂಥದ್ದು: ಆರೋಪ ನ್ಯಾಯದ ದೃಷ್ಟಿಯಿಂದ, ಪ್ರಾಮಾಣಿಕವಾಗಿ ಹೊರಿಸಿದ್ದಲ್ಲ ಅನಿಸಿದರೆ ಕೊಡದೇ ಇರಬಹುದು. ನಮ್ಮ 1962ರ ಹಸ್ತಾಂತರ ಕಾಯ್ದೆಯ ಪ್ರಕಾರ ಮ್ಯಾಜಿಸ್ಟ್ರೇಟ್ ವಿಚಾರಣೆ ಆದರೂ ಕೊನೆಯ ಮಾತು ಕೇಂದ್ರ ಸರ್ಕಾರದ್ದೇ. ತೀರ್ಪು ಬಂದ ದಿನ ವಿದೇಶಾಂಗ ಸಚಿವಾಲಯ ಅದನ್ನು ಗಮನಿಸಿದ್ದೇವೆ ಎಂದು ಹೇಳಿತು, ಬಾಂಗ್ಲಾ ಜನರ ಶಾಂತಿ, ಪ್ರಜಾಪ್ರಭುತ್ವ, ಸ್ಥಿರತೆಗೆ ಬದ್ಧ ಎಂದಿತು. ಒಪ್ಪಿದ್ದೇವೆ ಎಂದಾಗಲಿ, ಒಪ್ಪಿಲ್ಲ ಎಂದಾಗಲಿ ಒಂದಕ್ಷರ ಇರಲಿಲ್ಲ. ನಿಮ್ಮ ಚಹಾದಂಗಡಿಯ ಪಂದ್ಯಕ್ಕೆ ನನ್ನ ತೀರ್ಮಾನ: ಒಪ್ಪಿಸಲೇಬೇಕು ಎಂಬ ಕಟ್ಟು ಇಲ್ಲ, ಒಪ್ಪಿಸಬಾರದು ಎಂಬ ತಡೆಯೂ ಇಲ್ಲ.

ಸರ್ಕಾರದ ನಿಲುವಿನಲ್ಲಿ ನನಗೆ ಒಪ್ಪಿಗೆಯಾಗದ್ದು ಐಸಿಸಿಯಿಂದ ದೂರ ಉಳಿದದ್ದಲ್ಲ. "ನಮ್ಮವರ ಅಪರಾಧ ನಾವೇ ವಿಚಾರಿಸಿಕೊಳ್ಳುತ್ತೇವೆ" ಅನ್ನುವವರ ಮನೆಯಲ್ಲಿ ಅದಕ್ಕೆ ಕಾನೂನು ಇರಬೇಕಲ್ಲ? ನರಮೇಧ ಒಪ್ಪಂದವನ್ನು ಭಾರತ 1959ರಲ್ಲಿ ಅನುಮೋದಿಸಿತು. ನರಮೇಧ ಎಂಬ ಅಪರಾಧ ನಮ್ಮ ದಂಡಸಂಹಿತೆಯಲ್ಲಿ ಇವತ್ತಿಗೂ ಇಲ್ಲ. 1984ರ ಸಿಖ್ ಹತ್ಯೆಗಳ ಪ್ರಕರಣದಲ್ಲಿ ಸಜ್ಜನ್ ಕುಮಾರ್‌ಗೆ ಜೀವಾವಧಿ ಶಿಕ್ಷೆ ಕೊಡುತ್ತಾ, 2018ರ ಡಿಸೆಂಬರ್ 17ರಂದು ದಿಲ್ಲಿ ಹೈಕೋರ್ಟಿನ ಎಸ್. ಮುರಳೀಧರ್ ಮತ್ತು ವಿನೋದ್ ಗೋಯಲ್ ಅವರ ಪೀಠ ಈ ಲೋಪವನ್ನು ತುರ್ತಾಗಿ ಸರಿಪಡಿಸಬೇಕೆಂದು ಬರೆಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯನ್ನು ನಾನು ಮೊದಲು ತಿರುವಿ ನೋಡಿದ್ದು ಇದಕ್ಕಾಗಿಯೇ. ಭಯೋತ್ಪಾದನೆಗೆ ಕಲಂ ಬಂದಿದೆ, ಸಂಘಟಿತ ಅಪರಾಧಕ್ಕೆ ಬಂದಿದೆ, ಗುಂಪು ಕೊಲೆಗೂ ಬಂದಿದೆ. ನರಮೇಧ ಇಲ್ಲ. ಯುದ್ಧಾಪರಾಧಕ್ಕೆ ಹತ್ತಿರದ್ದೆಂದರೆ 1960ರ ಜಿನೀವಾ ಒಪ್ಪಂದಗಳ ಕಾಯ್ದೆ. ಅದರಡಿ ಕೋರ್ಟು ಪ್ರಕರಣ ಕೈಗೆತ್ತಿಕೊಳ್ಳಬೇಕಾದರೆ ಸರ್ಕಾರವೇ ದೂರು ಕೊಡಬೇಕು. ನೋಡಿ, ಕೀಲಿಕೈ ಮತ್ತೆ ಎಲ್ಲಿ ಹೋಯಿತು!

ಕೊನೆಗೆ ಅಜ್ಜಿಯ ಅರ್ಜಿ. ಇದನ್ನು ಅವರಿಗೆ ನೀವೇ ಸಮಾಧಾನವಾಗಿ ಹೇಳಬೇಕು. ಐಸಿಸಿಯ ಅಧಿಕಾರ 2002ರ ಜುಲೈ 1ರ ನಂತರದ ಅಪರಾಧಗಳಿಗೆ ಮಾತ್ರ. ಐಸಿಜೆಗೆ ಜನ ಅರ್ಜಿ ಹಾಕುವಂತಿಲ್ಲ. 71ರ ವಿಷಯ ಒಮ್ಮೆ ಐಸಿಜೆ ಮೆಟ್ಟಿಲು ಹತ್ತಿತ್ತು, ಅದೂ ಉಲ್ಟಾ ದಿಕ್ಕಿನಿಂದ. ಸೆರೆಸಿಕ್ಕ ಪಾಕಿಸ್ತಾನಿ ಯೋಧರಲ್ಲಿ 195 ಮಂದಿಯನ್ನು ಯುದ್ಧಾಪರಾಧಕ್ಕಾಗಿ ವಿಚಾರಣೆ ಮಾಡುತ್ತೇವೆ ಎಂದು ಬಾಂಗ್ಲಾದೇಶ ಹೇಳಿದಾಗ, ಅವರನ್ನು ಭಾರತ ಒಪ್ಪಿಸಬಾರದು ಎಂದು 1973ರ ಮೇ ತಿಂಗಳಲ್ಲಿ ಪಾಕಿಸ್ತಾನ ದಾವೆ ಹೂಡಿತು. ನರಮೇಧ ಒಪ್ಪಂದದ 9ನೇ ವಿಧಿಗೆ ಭಾರತ ಮೊದಲೇ ಷರತ್ತು ಹಾಕಿತ್ತು: ನಮ್ಮ ಒಪ್ಪಿಗೆ ಇಲ್ಲದೆ ನಮ್ಮನ್ನು ಆ ಕೋರ್ಟಿಗೆ ಎಳೆಯುವಂತಿಲ್ಲ. ಅದನ್ನೇ ಮುಂದಿಟ್ಟು ಭಾರತ ವಿಚಾರಣೆಗೆ ಹೋಗಲೇ ಇಲ್ಲ. ವರ್ಷದ ಕೊನೆಗೆ ಪಾಕಿಸ್ತಾನ ದಾವೆ ಹಿಂಪಡೆಯಿತು. 1974ರ ಏಪ್ರಿಲ್ 9ರಂದು ದಿಲ್ಲಿಯಲ್ಲಿ ಮೂರೂ ದೇಶಗಳು ಸಹಿ ಹಾಕಿದವು, 195 ಮಂದಿಯೂ ಊರಿಗೆ ಮರಳಿದರು. ಬಾಂಗ್ಲಾದೇಶಕ್ಕೆ ಪಾಕಿಸ್ತಾನದ ಮಾನ್ಯತೆ ಬೇಕಿತ್ತು, ಅಲ್ಲಿ ಸಿಕ್ಕಿಬಿದ್ದ ಬಂಗಾಳಿಗಳು ವಾಪಸ್ ಬರಬೇಕಿತ್ತು, ಭಾರತಕ್ಕೆ ತೊಂಬತ್ತು ಸಾವಿರಕ್ಕೂ ಹೆಚ್ಚು ಸೆರೆಯಾಳುಗಳನ್ನು ಸಾಕುವ ಹೊರೆ ಇಳಿಯಬೇಕಿತ್ತು. ಆಮೇಲೆ ಢಾಕಾದ ನ್ಯಾಯಮಂಡಳಿಯಲ್ಲಿ ಶಿಕ್ಷೆಯಾದದ್ದು ಸೈನ್ಯಕ್ಕೆ ಕೈಜೋಡಿಸಿದ ಸ್ಥಳೀಯರಿಗೆ. ಆ 195 ಮಂದಿಯಲ್ಲಿ ಯಾರೂ ಕಟಕಟೆ ಹತ್ತಲಿಲ್ಲ.

ಆದರೂ ಅಜ್ಜಿಯ ಮಾತನ್ನು ಮೊಬೈಲಿನಲ್ಲಿ ದಾಖಲಿಸಿ, ಅವರ ಬಂಗಾಳಿಯಲ್ಲೇ, ನಡುವೆ ತಡೆಯದೆ. ಢಾಕಾದ ವಿಮೋಚನಾ ಯುದ್ಧ ವಸ್ತುಸಂಗ್ರಹಾಲಯ 71ರ ಮೌಖಿಕ ಸಾಕ್ಷ್ಯಗಳನ್ನು ಸಂಗ್ರಹಿಸುತ್ತದೆ, ಅವರಿಗೆ ಕಳಿಸಬಹುದು. ಹಳ್ಳಿಯ ಹೆಸರಿನ ಜೊತೆ ಆಗಿನ ಪೊಲೀಸ್ ಠಾಣೆಯ ಹೆಸರನ್ನೂ ಹೇಳಿಸಿ. ಅಜ್ಜಿ "ಖುಲ್ನಾ ಜಿಲ್ಲೆ" ಅನ್ನುವ ಊರು ಇವತ್ತಿನ ನಕ್ಷೆಯಲ್ಲಿ ಬಾಗೇರ್‌ಹಾಟ್‌ನಲ್ಲೋ ಸಾತಖೀರಾದಲ್ಲೋ ಇರಬಹುದು, 1984ರಲ್ಲಿ ಜಿಲ್ಲೆ ಒಡೆಯಿತು. ಅಣ್ಣನ ಹೆಸರು, ಅವರ ತಂದೆಯ ಹೆಸರು, ಆಗ ವಯಸ್ಸೆಷ್ಟು, ತಿಂಗಳು ನೆನಪಿಲ್ಲದಿದ್ದರೆ ಆಗ ಹೊಲದಲ್ಲಿ ಯಾವ ಬೆಳೆ ನಿಂತಿತ್ತು, ಅಷ್ಟನ್ನು ಕೇಳಿ ಬರೆದಿಡಿ.